ಮಾತನ್ನು ಆಳಿದ ನಟ: ನೈಜೆಲ್ ಹಾಥಾರ್ನ್

1980ರ ಫೆಬ್ರುವರಿ 25ರಂದು ಬಿಬಿಸಿಯ ಎರಡನೇ ವಾಹಿನಿಯಲ್ಲಿ ‘ಯೆಸ್ ಮಿನಿಸ್ಟರ್’ ಧಾರಾವಾಹಿಯ ಮೊದಲ ಕಂತು ಪ್ರಸಾರವಾದಾಗ ನೈಜೆಲ್ ಹಾಥಾರ್ನ್ ಅವರಿಗೆ 51 ತುಂಬಲು ಆರು ವಾರವಷ್ಟೇ ಬಾಕಿ ಇತ್ತು. ನಟನೆಯನ್ನೇ ಹೊಟ್ಟೆಪಾಡಾಗಿ ಮಾಡಿಕೊಂಡು ಅಷ್ಟರಲ್ಲಿ 30 ವರ್ಷ ಆಗಿತ್ತು. ಲಂಡನ್ನಿನ ನಾಟಕದ ಮಂದಿಗೆ ಅವರ ಹೆಸರು ಗೊತ್ತಿತ್ತು, ಬೀದಿಯಲ್ಲಿ ಎದುರಾದವರು ಗುರುತು ಹಿಡಿಯುತ್ತಿರಲಿಲ್ಲ. ಎಂಟು ವರ್ಷ ಕಳೆದು, ‘ಯೆಸ್ ಮಿನಿಸ್ಟರ್’ ಮತ್ತು ಅದರ ಮುಂದುವರಿಕೆಯಾದ ‘ಯೆಸ್, ಪ್ರೈಮ್ ಮಿನಿಸ್ಟರ್’ ಎರಡೂ ಸೇರಿ 38 ಕಂತು ಮುಗಿಯುವ ಹೊತ್ತಿಗೆ ಬ್ರಿಟನ್ನಿನಲ್ಲಿ ಸರ್ ಹಂಫ್ರಿ ಆಪಲ್‌ಬಿ ಎಂಬ ಹಿರಿಯ ಅಧಿಕಾರಿಯ ಪಾತ್ರ ಗೊತ್ತಿಲ್ಲದ ಮನೆ ಕಡಿಮೆ ಎನ್ನುವಂತಾಗಿತ್ತು. ಆ ಪಾತ್ರಕ್ಕಾಗಿಯೇ ಹಾಥಾರ್ನ್ ಅವರಿಗೆ ನಾಲ್ಕು ಸಲ ಬಾಫ್ಟಾ ಪ್ರಶಸ್ತಿ ಬಂತು. 2001ರಲ್ಲಿ ಅವರು ತೀರಿಕೊಂಡಾಗ ಶ್ರದ್ಧಾಂಜಲಿ ಬರೆದವರು ಬಹುಮಟ್ಟಿಗೆ ಹಂಫ್ರಿಯ ಹೆಸರಿನಿಂದಲೇ ಅವರನ್ನು ನೆನೆದರು. ಇಂದಿಗೂ ಜನ ಅವರನ್ನು ಕಾಣುವ ಬಗೆ ಅದೇ: ಮಂತ್ರಿಯನ್ನು ಮಾತಿನಲ್ಲಿ ಕಟ್ಟಿಹಾಕುವ, ಮುಗುಳ್ನಗುವ, ಕೋಟು ಟೈ ತೊಟ್ಟ ನಯವಾದ ಅಧಿಕಾರಿ.

ಈ ನೆನಪು ಸುಳ್ಳಲ್ಲ, ಆದರೆ ಸಾಲದು. ಟಿವಿಯ ಒಂದು ಪಾತ್ರ ರಂಗನಟನೊಬ್ಬನನ್ನು ನುಂಗಿಹಾಕುತ್ತದೆ, ಆಮೇಲೆ ಅವನು ಏನು ಮಾಡಿದರೂ ಅದೇ ಪಾತ್ರದ ನೆರಳು ಎಂಬ ಮಾತು ನಾಟಕದ ವಲಯದಲ್ಲಿ ಬಹಳ ಹಿಂದಿನಿಂದ ಇದೆ. ಹಾಥಾರ್ನ್ ಬದುಕನ್ನು ಸರಿಯಾಗಿ ನೋಡಿದರೆ ಕಾಣುವುದು ಬೇರೆಯೇ. ಅಧಿಕಾರದಲ್ಲಿರುವ ಮನುಷ್ಯನಿಗೂ ಅವನ ಮಾತಿಗೂ ಇರುವ ನಂಟು ಏನು, ಆ ನಂಟು ಕಡಿದರೆ ಅವನಲ್ಲಿ ಉಳಿಯುವುದೇನು ಎಂಬ ಒಂದೇ ಪ್ರಶ್ನೆಯನ್ನು ಅವರು ನಾಟಕದಲ್ಲೂ ಟಿವಿಯಲ್ಲೂ ಸಿನಿಮಾದಲ್ಲೂ ಬಿಡದೆ ಶೋಧಿಸಿದರು. ಹಂಫ್ರಿ ಆ ಶೋಧದ ಅರ್ಧ ದಾರಿ. ಅದರ ತುದಿ ಇರುವುದು 1991ರಲ್ಲಿ ಲಂಡನ್ನಿನ ನ್ಯಾಷನಲ್ ಥಿಯೇಟರಿನಲ್ಲಿ ಅವರು ಆಡಿದ ಮೂರನೇ ಜಾರ್ಜ್ ದೊರೆಯ ಪಾತ್ರದಲ್ಲಿ. ಟಿವಿ ಅವರನ್ನು ರಂಗದಿಂದ ಕಿತ್ತುಕೊಳ್ಳಲಿಲ್ಲ. ರಂಗದಿಂದ ಟಿವಿಗೆ ಒಯ್ದದ್ದನ್ನು ಅವರು ಬೆಳೆಸಿ ಮತ್ತೆ ರಂಗಕ್ಕೇ ತಂದರು.

ಹಾಥಾರ್ನ್ ಹುಟ್ಟಿದ್ದು 1929ರ ಏಪ್ರಿಲ್ 5ರಂದು, ಇಂಗ್ಲೆಂಡಿನ ಕವೆಂಟ್ರಿಯಲ್ಲಿ. ತಂದೆ ವೈದ್ಯರು. ಮಗು ಇನ್ನೂ ಚಿಕ್ಕದಿರುವಾಗಲೇ ಕುಟುಂಬ ದಕ್ಷಿಣ ಆಫ್ರಿಕಾಕ್ಕೆ ಹೋಗಿ ಕೇಪ್‌ಟೌನ್‌ನಲ್ಲಿ ನೆಲೆಸಿತು. ಅಲ್ಲಿನ ವಿಶ್ವವಿದ್ಯಾಲಯದ ದಿನಗಳಲ್ಲಿ ನಾಟಕದ ಗೀಳು ಹತ್ತಿತು. 1950ರಲ್ಲಿ ಅಲ್ಲೇ ವೃತ್ತಿನಟರಾದರು, ಮರುವರ್ಷ ಇಂಗ್ಲೆಂಡಿಗೆ ಹೊರಟರು. ಅಲ್ಲಿ ಯಾರೂ ಕಾದು ಕುಳಿತಿರಲಿಲ್ಲ. ಊರೂರಿನ ರೆಪರ್ಟರಿ ಕಂಪನಿಗಳಲ್ಲಿ ಸಿಕ್ಕ ಸಣ್ಣ ಪಾತ್ರ, ನಡುವೆ ಕೆಲಸವಿಲ್ಲದ ತಿಂಗಳುಗಳು. ಬೇಸತ್ತು ದಕ್ಷಿಣ ಆಫ್ರಿಕಾಕ್ಕೆ ಮರಳಿದರು, ಮತ್ತೆ ಲಂಡನ್ನಿಗೆ ಬಂದರು. 1960ರ ದಶಕದಲ್ಲಿ ಜೋನ್ ಲಿಟಲ್‌ವುಡ್ ಅವರ ಥಿಯೇಟರ್ ವರ್ಕ್‌ಶಾಪ್ ತಂಡದ ಒಡನಾಟ ಸಿಕ್ಕಿದ ಮೇಲೆ ಅವರ ನಟನೆಗೆ ನೆಲೆ ಕಂಡಿತು. ಲಂಡನ್ನಿನ ಪೂರ್ವ ಭಾಗದಲ್ಲಿ ದುಡಿಯುವ ಜನರ ನಡುವೆ ನಾಟಕ ಕಟ್ಟುತ್ತಿದ್ದ ಲಿಟಲ್‌ವುಡ್, ನಟ ಅಲಂಕಾರದ ಮಾತಿನ ಹಿಂದೆ ಅವಿತುಕೊಳ್ಳುವುದನ್ನು ಸಹಿಸುತ್ತಿರಲಿಲ್ಲ. ಮಾತನ್ನು ಆಡುವ ಮೊದಲು ಅದನ್ನು ಯಾಕೆ ಆಡಬೇಕೆಂಬುದು ನಟನ ಮೈಯಲ್ಲಿ ಮೂಡಬೇಕು ಎಂಬುದು ಅವರ ಕಲಿಸುವ ರೀತಿ. ಮುಂದೆ ಮಾತಿನ ಮಲ್ಲನೆಂದೇ ಹೆಸರಾದ ನಟ ಇಂಥ ಗುರುವಿನ ಕೈಕೆಳಗೆ ಪಳಗಿದ್ದು ಗಮನಿಸಬೇಕಾದ ಸಂಗತಿ.

ಆ ವರ್ಷಗಳ ಪಾತ್ರಗಳನ್ನು ಸಾಲಾಗಿಟ್ಟು ನೋಡಿದರೆ ಒಂದು ಎಳೆ ಕಾಣುತ್ತದೆ. 1968ರಲ್ಲಿ ರಾಯಲ್ ಕೋರ್ಟ್ ಥಿಯೇಟರಿನಲ್ಲಿ ಎಡ್ವರ್ಡ್ ಬಾಂಡ್ ಅವರ ‘ಅರ್ಲಿ ಮಾರ್ನಿಂಗ್’ ನಾಟಕದಲ್ಲಿ ಅವರು ವಿಕ್ಟೋರಿಯಾ ರಾಣಿಯ ಗಂಡ ಪ್ರಿನ್ಸ್ ಆಲ್ಬರ್ಟ್. ರಾಜಮನೆತನವನ್ನು ಹೀಗೆಲ್ಲ ತೋರಿಸಬಾರದೆಂದು ನಾಟಕಗಳ ಸೆನ್ಸಾರ್ ಆಗಿದ್ದ ಲಾರ್ಡ್ ಚೇಂಬರ್ಲಿನ್ ಕಚೇರಿ ನಿಷೇಧಿಸಿದ ನಾಟಕ ಅದು; ಅದೇ ವರ್ಷ ಬ್ರಿಟನ್ನಿನಲ್ಲಿ ರಂಗದ ಸೆನ್ಸಾರ್ ಕಾಯಿದೆಯೇ ರದ್ದಾಯಿತು. 1977ರಲ್ಲಿ ರಾಯಲ್ ಶೇಕ್ಸ್‌ಪಿಯರ್ ಕಂಪನಿಗಾಗಿ ಪೀಟರ್ ನಿಕೋಲ್ಸ್ ಬರೆದ ‘ಪ್ರೈವೇಟ್ಸ್ ಆನ್ ಪರೇಡ್’ನಲ್ಲಿ ಮೇಜರ್ ಫ್ಲ್ಯಾಕ್. ಎರಡನೇ ಮಹಾಯುದ್ಧ ಮುಗಿದ ಮೇಲಿನ ಮಲಯಾದಲ್ಲಿ ಸೈನಿಕರ ಹಾಡುಕುಣಿತದ ತಂಡವೊಂದನ್ನು ಧರ್ಮಯುದ್ಧಕ್ಕೆ ಹೊರಡಿಸುವ ಕಟ್ಟಾ ಕ್ರೈಸ್ತ ಅಧಿಕಾರಿ ಅವನು. ಆ ಪಾತ್ರ ಅವರಿಗೆ ಪ್ರಶಸ್ತಿ ತಂದಿತು. 1978ರ ಟಿವಿ ಸರಣಿ ‘ಎಡ್ವರ್ಡ್ ಅಂಡ್ ಮಿಸೆಸ್ ಸಿಂಪ್ಸನ್’ನಲ್ಲಿ ಸಿಂಹಾಸನ ಬಿಡಲು ಹೊರಟ ದೊರೆಗೆ ಸಲಹೆ ಕೊಡುವ ವಕೀಲ ವಾಲ್ಟರ್ ಮಾಂಕ್ಟನ್. ‘ಯೆಸ್ ಮಿನಿಸ್ಟರ್’ ಶುರುವಾದ ಮೇಲೂ ಸಾಲು ಮುಂದುವರಿಯಿತು: 1982ರ ‘ಬಾರ್ಚೆಸ್ಟರ್ ಕ್ರಾನಿಕಲ್ಸ್’ನಲ್ಲಿ ಚರ್ಚಿನ ಆಸ್ತಿ ಮತ್ತು ಗೌರವ ಕಾಯುವ ಆರ್ಚ್‌ಡೀಕನ್ ಗ್ರಾಂಟ್ಲಿ, ಅದೇ ವರ್ಷ ರಿಚರ್ಡ್ ಅಟೆನ್‌ಬರೊ ಅವರ ‘ಗಾಂಧಿ’ ಚಿತ್ರದಲ್ಲಿ ಕಿನಾಕ್ ಎಂಬ ಆಂಗ್ಲನ ಪುಟ್ಟ ಪಾತ್ರ. ಇವರೆಲ್ಲ ಯಾವುದೋ ಗದ್ದುಗೆಯ ಆಸುಪಾಸಿನಲ್ಲಿ ನಿಂತವರು, ತಾವು ನಿಂತ ನೆಲ ಗಟ್ಟಿಯೆಂದು ನಂಬಿದವರು. ಹಾಥಾರ್ನ್ ಇವರನ್ನು ಕೀಳುಮಾಡಿ ತೋರಿಸಲಿಲ್ಲ. ಮೇಜರ್ ಫ್ಲ್ಯಾಕ್‌ನ ಮತಾಂಧತೆ ಜನರನ್ನು ನಗಿಸುತ್ತದೆ. ಆದರೆ ತಾನು ಹೇಳುವುದನ್ನು ಅವನು ಮನಸಾರೆ ನಂಬಿರುವುದರಿಂದಲೇ ನಗು ಬರುತ್ತದೆ, ಭಯವೂ ಆಗುತ್ತದೆ. 50ರ ಅಂಚಿನಲ್ಲಿ ಹಾಥಾರ್ನ್ ಅವರಿಗೆ ಅದೃಷ್ಟದ ಬಾಗಿಲು ತೆರೆಯಿತು ಎನ್ನುವವರು ಈ ಸಾಲನ್ನು ಮರೆಯುತ್ತಾರೆ. ಅದೃಷ್ಟದ ಪಾಲು ಇಲ್ಲವೆನ್ನಲಾಗದು. ಅಷ್ಟೇ ವರ್ಷ ದುಡಿದು ಅಂಥ ಪಾತ್ರ ಸಿಗದೆ ಹೋದ ನಟರು ಎಷ್ಟೋ ಮಂದಿ. ಆದರೆ ಪಾತ್ರ ಬಂದಾಗ ಅದಕ್ಕೆ ಬೇಕಾದುದೆಲ್ಲ ಅವರ ಕೈಯಲ್ಲಿ ಆಗಲೇ ಸಿದ್ಧವಿತ್ತು.

ಹಂಫ್ರಿಯ ಪಾತ್ರದಲ್ಲಿ ಎಲ್ಲರೂ ಮೆಚ್ಚಿಕೊಳ್ಳುವುದು ಆ ಉದ್ದುದ್ದ ವಾಕ್ಯಗಳನ್ನು. ಮಂತ್ರಿ ಜಿಮ್ ಹ್ಯಾಕರ್ ಹೌದು ಅಥವಾ ಇಲ್ಲ ಎಂಬ ಉತ್ತರ ಬೇಡುತ್ತಾನೆ. ಹಂಫ್ರಿ ಕೈ ಜೋಡಿಸಿ, ತಲೆಯನ್ನು ತುಸು ವಾಲಿಸಿ, ಮೆಲುದನಿಯಲ್ಲಿ ಶುರುಮಾಡುತ್ತಾನೆ. ವಾಕ್ಯದೊಳಗೆ ವಾಕ್ಯ, ಷರತ್ತಿನ ಮೇಲೆ ಷರತ್ತು, ಅದಕ್ಕೊಂದು ವಿನಾಯಿತಿ, ಆ ವಿನಾಯಿತಿಗೆ ಇನ್ನೊಂದು ತಿದ್ದುಪಡಿ. ಕ್ರಿಯಾಪದ ಬರುವ ಹೊತ್ತಿಗೆ ಹ್ಯಾಕರ್ ಪಾತ್ರದ ಪಾಲ್ ಎಡಿಂಗ್ಟನ್ ಮುಖದಲ್ಲಿ ಪ್ರಶ್ನೆಯೇ ಮರೆತುಹೋದ ಕಳೆ. ಬರೆದುದನ್ನು ಬಾಯಿಪಾಠ ಮಾಡಿ ಗಡಗಡನೆ ಒಪ್ಪಿಸಿದರೆ ಇದು ನಾಲಗೆಯ ಕಸರತ್ತಾಗಿ ಮುಗಿಯುತ್ತಿತ್ತು. ಹಾಥಾರ್ನ್ ಮಾಡಿದ್ದು ಉಸಿರಿನ ಲೆಕ್ಕಾಚಾರ. ಕೇಳುವವನು ಬಾಯಿ ಹಾಕಬಹುದಾದ ಜಾಗದಲ್ಲಿ ಅವರು ಉಸಿರು ತೆಗೆದುಕೊಳ್ಳುವುದಿಲ್ಲ. ಅರ್ಥ ಇನ್ನೂ ನೇತಾಡುತ್ತಿರುವಾಗ, ಅಡ್ಡಬಂದರೆ ಒರಟುತನವೆನಿಸುವ ಕಡೆಯಲ್ಲಿ ತೆಗೆದುಕೊಳ್ಳುತ್ತಾರೆ. ಪ್ರತಿ ಉಪವಾಕ್ಯದ ಕೊನೆಗೆ ದನಿ ಒಂದಿಷ್ಟು ಮೇಲೇರುತ್ತದೆ, ಮುಗಿಯಿತು ಅನ್ನಿಸಲು ಬಿಡುವುದಿಲ್ಲ. ತಾಳಮದ್ದಳೆಯ ನುರಿತ ಅರ್ಥಧಾರಿ ಎದುರಾಳಿಗೆ ಎಡೆ ಕೊಡದಂತೆ ಪೀಠಿಕೆ ಕಟ್ಟುವುದನ್ನು ಬಲ್ಲವರಿಗೆ ಈ ಕಲೆ ಅಪರಿಚಿತವಲ್ಲ. ಕಂತುಗಳ ಚಿತ್ರೀಕರಣ ನಡೆಯುತ್ತಿದ್ದುದು ಸ್ಟುಡಿಯೊದಲ್ಲಿ, ಎದುರಿಗೆ ಕುಳಿತ ಪ್ರೇಕ್ಷಕರ ಮುಂದೆ. ನಗು ಎಲ್ಲಿ ಏಳುತ್ತದೆ, ಎಷ್ಟು ಹೊತ್ತು ನಿಲ್ಲುತ್ತದೆ, ಅದು ಇಳಿಯುವ ಮುನ್ನ ಮುಂದಿನ ಮಾತು ಹೇಗೆ ಹಿಡಿಯಬೇಕು ಎಂಬುದನ್ನು ಅಲ್ಲೇ, ಆಗಲೇ ತೀರ್ಮಾನಿಸಬೇಕು. ಜೊತೆಗೆ ಕ್ಯಾಮೆರಾ ಹುಬ್ಬಿನ ಅಲುಗಾಟವನ್ನೂ ಬಿಡದೆ ಹಿಡಿಯುತ್ತಿರುತ್ತದೆ. ರಂಗದಲ್ಲಿ 30 ವರ್ಷ ನಿಂತವರಿಗೆ ಮಾತ್ರ ಈ ಎರಡು ಕೆಲಸ ಒಟ್ಟಿಗೆ ಒಗ್ಗಿ ಬರುತ್ತವೆ. ಎಡಿಂಗ್ಟನ್ ಕೂಡ ರಂಗದ ಹಳೆಯ ಹುಲಿಯೇ ಆಗಿದ್ದುದು ಕಾಕತಾಳೀಯವಲ್ಲ.

ಆದರೂ ಉದ್ದ ವಾಕ್ಯಗಳಿಗಿಂತ ಹೆಚ್ಚು ಹೇಳುವುದು ಹಂಫ್ರಿಯ ಬಾಯಿ ಕಟ್ಟಿಹೋಗುವ ಗಳಿಗೆಗಳು. 1986ರ ‘ದಿ ಕೀ’ ಕಂತನ್ನು ನೋಡಿ. ಹ್ಯಾಕರ್ ಈಗ ಪ್ರಧಾನಿ, ಹಂಫ್ರಿ ಸಂಪುಟ ಕಾರ್ಯದರ್ಶಿ. ಸಂಪುಟ ಕಚೇರಿಗೂ ಪ್ರಧಾನಿಯ ನಿವಾಸಕ್ಕೂ ನಡುವಿನ ಬಾಗಿಲಿನ ಕೀಲಿಕೈ ಹಂಫ್ರಿಯ ಬಳಿ ಇರುತ್ತದೆ. ಬೇಕೆಂದಾಗ ಒಳಬರುವ ಅವನ ಹಕ್ಕಿನ ಗುರುತು ಅದು. ಪ್ರಧಾನಿ ಅದನ್ನು ಕಿತ್ತುಕೊಳ್ಳುತ್ತಾನೆ. ಮುಂದೆ ನಡೆಯುವುದು ಅಪ್ಪಟ ಪ್ರಹಸನ: ಫೋನಿನಲ್ಲಿ ಕೂಗಾಟ, ಬಾಗಿಲು ಬಡಿತ, ಕೊನೆಗೆ ಕಿಟಕಿಯ ದಾರಿ, ಮೊಳಗುವ ಎಚ್ಚರಿಕೆಯ ಗಂಟೆ. ಈ ಗದ್ದಲದ ನಡುವೆ ಹಾಥಾರ್ನ್ ಮುಖವನ್ನು ಗಮನಿಸಬೇಕು. ಕಣ್ಣು ಅಗಲವಾಗುತ್ತದೆ, ತುಟಿ ಅದುರುತ್ತದೆ, ಅಷ್ಟು ವರ್ಷ ಪಳಗಿಸಿಕೊಂಡು ಬಂದ ವಾಕ್ಯ ಎರಡು ಮೂರು ಪದಗಳಿಗೆ ಬಂದು ಮುರಿಯುತ್ತದೆ. ಆ ಬಾಗಿಲು ಮುಚ್ಚಿದರೆ ತಾನು ಯಾರೂ ಅಲ್ಲ ಎಂಬ ಮಗುವಿನ ಅಂಜಿಕೆ ಅಲ್ಲಿದೆ. ನಾವು ನಗುತ್ತೇವೆ, ನಗುತ್ತಲೇ ಮರುಗುತ್ತೇವೆ. ಹಂಫ್ರಿಗೆ ಮಾತು ಒಂದು ಆಯುಧವಷ್ಟೇ ಆಗಿರಲಿಲ್ಲ, ಅವನು ನಿಂತಿದ್ದ ನೆಲವೇ ಅದು ಎಂಬುದನ್ನು ಈ ಕಂತು ತೋರಿಸುತ್ತದೆ. ಐದು ವರ್ಷದ ಬಳಿಕ ಮೂರನೇ ಜಾರ್ಜ್‌ನ ಪಾತ್ರದಲ್ಲಿ ಹಾಥಾರ್ನ್ ಕೈಗೆತ್ತಿಕೊಂಡದ್ದು ಇದೇ ಭಯವನ್ನು, ಪ್ರಹಸನದ ಹಂಗಿಲ್ಲದೆ.

ಇಲ್ಲಿ ಎರಡು ಆಕ್ಷೇಪಗಳಿಗೆ ಉತ್ತರ ಕೊಡಬೇಕು. ಇದೆಲ್ಲ ಬರಹಗಾರರ ಗೆಲುವು, ಆಂಟನಿ ಜೇ ಮತ್ತು ಜೊನಾಥನ್ ಲಿನ್ ಬರೆದ ಮಾತುಗಳನ್ನು ಯಾವ ಒಳ್ಳೆಯ ನಟ ಹೇಳಿದರೂ ಗೆಲ್ಲುತ್ತಿತ್ತು ಎನ್ನುವುದು ಮೊದಲನೆಯದು. ಬರಹ ಅಸಾಧಾರಣವಾದುದು, ನಿಜ. ಮಂತ್ರಿಗಳ ದಿನಚರಿಗಳನ್ನು ಓದಿ, ಸರ್ಕಾರದ ಒಳಗಿದ್ದವರಿಂದ ಕೇಳಿ ತಿಳಿದು ಅವರು ಬರೆದರು. ಆಡಳಿತದ ಒಳಮರ್ಮ ಅಷ್ಟು ಕರಾರುವಾಕ್ಕಾಗಿ ಬಂದದ್ದು ಆ ಶ್ರಮದಿಂದ. ಆದರೆ ಅದೇ ಇಬ್ಬರು ಅದೇ ಪಾತ್ರಗಳನ್ನು ಇಟ್ಟುಕೊಂಡು 2010ರಲ್ಲಿ ನಾಟಕ ಬರೆದರು, 2013ರಲ್ಲಿ ಹೊಸ ನಟರೊಂದಿಗೆ ಟಿವಿ ಸರಣಿಯನ್ನೂ ತಂದರು. ನಾಟಕ ಚೆನ್ನಾಗಿ ಓಡಿತು, ಟಿವಿ ಸರಣಿ ಆರು ಕಂತಿಗೆ ನಿಂತಿತು. ಕಾಲ ಬದಲಾಗಿತ್ತು ಎನ್ನಬಹುದು. ಹಾಗಿದ್ದರೂ ಹಳೆಯ ಕಂತುಗಳನ್ನು ಜನ ಈಗಲೂ ಹುಡುಕಿ ನೋಡುತ್ತಾರೆ, ಹೊಸತನ್ನು ನೆನೆಯುವವರು ಕಡಿಮೆ. ಒಂದೇ ಲೇಖನಿಯಿಂದ ಬಂದ ಎರಡು ಕೃತಿಗಳ ನಡುವಿನ ಈ ಅಂತರಕ್ಕೆ ನಟರನ್ನು ಬಿಟ್ಟು ಕಾರಣ ಹೇಳುವುದು ಕಷ್ಟ. 

ಎರಡನೆಯದು ನೈತಿಕ ಆಕ್ಷೇಪ. ಜನರ ದುಡ್ಡನ್ನು ಪೋಲುಮಾಡುವ, ಚುನಾಯಿತ ಮಂತ್ರಿಯನ್ನು ಬೆರಳ ತುದಿಯಲ್ಲಿ ಕುಣಿಸುವ ಅಧಿಕಾರಿಯನ್ನು ಇಷ್ಟು ಪ್ರಿಯನಾಗಿ ಮಾಡಿದರೆ ಜನರಿಗೆ ಸರ್ಕಾರದ ಮೇಲಿನ ನಂಬಿಕೆಯೇ ಹೋಗುವುದಿಲ್ಲವೇ ಎಂಬುದು. ಇದನ್ನು ಹಗುರವಾಗಿ ತಳ್ಳಿಹಾಕಲಾಗದು. ಸರ್ಕಾರ ಎಂದರೆ ಸ್ವಂತ ಹಿತ ಕಾಯುವವರ ಕೂಟ ಎಂಬ ನಿಲುವಿನ ಆಗಿನ ಪ್ರಧಾನಿ ಮಾರ್ಗರೆಟ್ ಥ್ಯಾಚರ್ ಈ ಧಾರಾವಾಹಿಯ ಅಭಿಮಾನಿಯಾಗಿದ್ದರು. 1984ರ ಜನವರಿಯಲ್ಲಿ ಪ್ರಶಸ್ತಿ ಸಮಾರಂಭವೊಂದರಲ್ಲಿ ಎಡಿಂಗ್ಟನ್ ಮತ್ತು ಹಾಥಾರ್ನ್ ಜೊತೆ ತಾವೇ ಒಂದು ಕಿರುಪ್ರಹಸನದಲ್ಲಿ ಕಾಣಿಸಿಕೊಂಡರು. ನಟರಿಬ್ಬರಿಗೂ ಅದು ಮುಜುಗರದ ಸಂಗತಿಯಾಗಿತ್ತು. ಆದರೆ ಹಾಥಾರ್ನ್ ಆಡಿದ ಹಂಫ್ರಿಯಲ್ಲಿ ಸಿನಿಕತನಕ್ಕೆ ಬೇಕಾದ ಸುಲಭದ ತೀರ್ಪು ಸಿಗುವುದಿಲ್ಲ. 1981ರ ಕಂತೊಂದರಲ್ಲಿ ಹೊಸದಾಗಿ ಕಟ್ಟಿದ ಆಸ್ಪತ್ರೆಯಲ್ಲಿ 500 ಮಂದಿ ಆಡಳಿತ ಮತ್ತಿತರ ಸಿಬ್ಬಂದಿ ಇದ್ದಾರೆ, ರೋಗಿ ಒಬ್ಬನೂ ಇಲ್ಲ. ಅದನ್ನು ಸಮರ್ಥಿಸುವಾಗ ಹಂಫ್ರಿ ಮೋಸಗಾರನಂತೆ ಕಾಣುವುದಿಲ್ಲ, ದೇವರ ಮೇಲೆ ಆಣೆಯಿಟ್ಟು ಹೇಳುವ ಭಕ್ತನಂತೆ ಕಾಣುತ್ತಾನೆ. ಕಚೇರಿಯ ಕ್ರಮವನ್ನೇ ನಂಬಿ ಬಾಳುವ ಮನುಷ್ಯ ಕ್ರಮದ ಉದ್ದೇಶವನ್ನು ಹೇಗೆ ಮರೆಯುತ್ತಾನೆ ಎಂಬುದನ್ನು ಹಾಥಾರ್ನ್ ಒಳಗಿನಿಂದ ಬಲ್ಲವರಂತೆ ತೋರಿಸಿದರು. ಭಾರತದ ನೋಡುಗರಿಗೆ ಇದು ಇನ್ನಷ್ಟು ಹತ್ತಿರದ ವಿಷಯ. ಮಂತ್ರಿ, ಇಲಾಖೆಯ ಕಾರ್ಯದರ್ಶಿ, ನಡುವೆ ಓಡಾಡುವ ಕಡತ ಎಂಬ ನಮ್ಮ ಏರ್ಪಾಡು ಬ್ರಿಟಿಷರ ಕಾಲದಿಂದ ಬಂದದ್ದು. 2001ರಲ್ಲಿ ಸ್ಟಾರ್ ಪ್ಲಸ್ ವಾಹಿನಿ ಈ ಧಾರಾವಾಹಿಯನ್ನು ‘ಜೀ ಮಂತ್ರೀಜೀ’ ಎಂದು ಹಿಂದಿಗೆ ತಂದಾಗ ಫಾರೂಕ್ ಶೇಖ್ ಮಂತ್ರಿಯಾದರು, ಜಯಂತ್ ಕೃಪಲಾನಿ ಕಾರ್ಯದರ್ಶಿಯಾದರು; ಕಥೆ ದೆಹಲಿಗೆ ಹೊಂದಲು ಹೆಚ್ಚು ತಿದ್ದಬೇಕಾಗಲಿಲ್ಲ.

‘ಯೆಸ್, ಪ್ರೈಮ್ ಮಿನಿಸ್ಟರ್’ 1988ರ ಜನವರಿಯಲ್ಲಿ ಮುಗಿಯಿತು. ಆಗ ಹಾಥಾರ್ನ್ ಅವರಿಗೆ 58. ಹಂಫ್ರಿಯ ಇನ್ನೊಂದು ಅವತಾರವನ್ನು ಟಿವಿಯಲ್ಲಿ ಆಡುತ್ತ ಉಳಿದ ಆಯುಷ್ಯ ಕಳೆಯಬಹುದಿತ್ತು. ಅವರು ರಂಗಕ್ಕೆ ಹೋದರು. 1989ರಲ್ಲಿ ವಿಲಿಯಂ ನಿಕೋಲ್ಸನ್ ಅವರ ‘ಶಾಡೋಲ್ಯಾಂಡ್ಸ್’ ನಾಟಕದಲ್ಲಿ ಸಾಹಿತಿ ಸಿ. ಎಸ್. ಲೂಯಿಸ್ ಆದರು. ನೋವು ಯಾಕಿದೆ ಎಂಬುದರ ಬಗ್ಗೆ ಸಭೆಗಳಲ್ಲಿ ಸೊಗಸಾಗಿ ಉಪನ್ಯಾಸ ಕೊಡುವ ವಿದ್ವಾಂಸ, ಹೆಂಡತಿಯನ್ನು ಕ್ಯಾನ್ಸರ್ ಕಿತ್ತುಕೊಂಡಾಗ ತನ್ನ ವಾದಗಳೆಲ್ಲ ಕೈಕೊಡುವುದನ್ನು ಕಾಣುವ ಕಥೆ ಅದು. ಮಾತಿನ ಒಡೆಯನಿಗೆ ಮಾತು ಸಾಲದಾಗುವ ಪ್ರಸಂಗ ಮತ್ತೆ ಬಂತು, ಈ ಸಲ ನಗುವಿಲ್ಲದೆ. ನಾಟಕ ನ್ಯೂಯಾರ್ಕಿನ ಬ್ರಾಡ್‌ವೇಗೆ ಹೋಯಿತು, 1991ರಲ್ಲಿ ಹಾಥಾರ್ನ್ ಅತ್ಯುತ್ತಮ ನಟನೆಗೆ ಟೋನಿ ಪ್ರಶಸ್ತಿ ಪಡೆದರು. ಆದರೆ ಸಿನಿಮಾ ಆದಾಗ ಪಾತ್ರ ಆಂಟನಿ ಹಾಪ್ಕಿನ್ಸ್ ಪಾಲಾಯಿತು. ಅದಕ್ಕೂ ಮೊದಲು ‘ಪ್ರೈವೇಟ್ಸ್ ಆನ್ ಪರೇಡ್’ ಸಿನಿಮಾ ಆದಾಗ ಅವರ ಮೇಜರ್ ಪಾತ್ರ ಜಾನ್ ಕ್ಲೀಸ್ ಅವರಿಗೆ ಹೋಗಿತ್ತು. ತಾವು ರಂಗದ ಮೇಲೆ ಕಟ್ಟಿದ ಮನುಷ್ಯರು ತೆರೆಯ ಮೇಲೆ ಹೆಚ್ಚು ಹೆಸರಿದ್ದವರ ಮುಖ ಹೊತ್ತು ಬರುವುದನ್ನು ಅವರು ಎರಡು ಸಲ ನೋಡಬೇಕಾಯಿತು. ಮೂರನೇ ಸಲ ಹಾಗಾಗಲಿಲ್ಲ. ‘ದಿ ಮ್ಯಾಡ್‌ನೆಸ್ ಆಫ್ ಜಾರ್ಜ್ ದಿ ಥರ್ಡ್’ ನಾಟಕ ಬರೆದ ಅಲನ್ ಬೆನೆಟ್ ಮತ್ತು ನಿರ್ದೇಶಿಸಿದ ನಿಕೊಲಸ್ ಹೈಟ್ನರ್ ಸಿನಿಮಾದಲ್ಲೂ ಹಾಥಾರ್ನ್ ಅವರೇ ದೊರೆಯಾಗಬೇಕೆಂದು ಹಟ ಹಿಡಿದರು. 1994ರಲ್ಲಿ ‘ದಿ ಮ್ಯಾಡ್‌ನೆಸ್ ಆಫ್ ಕಿಂಗ್ ಜಾರ್ಜ್’ ಹೆಸರಿನಲ್ಲಿ ಚಿತ್ರ ಬಂದದ್ದರಿಂದ, ಆ ನಟನೆಯನ್ನು ನಾಟಕ ನೋಡದ ನಾವೂ ಇಂದು ಪರಿಶೀಲಿಸಲು ಸಾಧ್ಯವಾಗಿದೆ.

ಈ ಮೂರನೇ ಜಾರ್ಜ್ ಕರ್ನಾಟಕದ ಚರಿತ್ರೆಗೆ ಹೊರಗಿನವನಲ್ಲ. 1783ರಲ್ಲಿ ಈಸ್ಟ್ ಇಂಡಿಯಾ ಕಂಪನಿಯನ್ನು ಹದ್ದಿನಲ್ಲಿಡಲು ಸಚಿವ ಫಾಕ್ಸ್ ತಂದ ಮಸೂದೆಯನ್ನು ಮೇಲ್ಮನೆಯಲ್ಲಿ ಬೀಳಿಸಿ, ಆ ಸರ್ಕಾರವನ್ನೇ ಕಿತ್ತು, 24 ವರ್ಷದ ಪಿಟ್‌ನನ್ನು ಪ್ರಧಾನಿಯಾಗಿ ಕೂರಿಸಿದವನು ಇವನು. 1799ರಲ್ಲಿ ಶ್ರೀರಂಗಪಟ್ಟಣದ ಕೋಟೆ ಬಿದ್ದು ಟಿಪ್ಪು ಮಡಿದಾಗ ಇಂಗ್ಲೆಂಡಿನ ಸಿಂಹಾಸನದಲ್ಲಿದ್ದವನೂ ಇವನೇ. 1788ರ ಕೊನೆಯಲ್ಲಿ ಈ ದೊರೆಗೆ ತಲೆ ಕೆಟ್ಟಿತು. ಗಂಟೆಗಟ್ಟಲೆ ನಿಲ್ಲದೆ ಮಾತಾಡುತ್ತಿದ್ದ, ನಿದ್ದೆಯಿರಲಿಲ್ಲ, ಮೈಯೆಲ್ಲ ನೋವು. ವೈದ್ಯರು ಚರ್ಮಕ್ಕೆ ಬೊಬ್ಬೆ ಬರಿಸಿ ವಿಷ ತೆಗೆಯಲು ನೋಡಿದರು. ಲಿಂಕನ್‌ಶೈರಿನಿಂದ ಬಂದ ಫ್ರಾನ್ಸಿಸ್ ವಿಲ್ಲಿಸ್ ದೊರೆಯನ್ನು ಕುರ್ಚಿಗೆ ಬಿಗಿದು ಹದ್ದಿಗೆ ತರಲು ಹೊರಟ. ಅತ್ತ ಮಗ ದೊರೆಯ ಬದಲು ಆಳುವ ರೀಜೆಂಟ್ ಆಗಲು ತುದಿಗಾಲಲ್ಲಿ ನಿಂತಿದ್ದ. ಕಾಯಿಲೆ ಯಾವುದಿತ್ತು ಎಂಬುದು ಇನ್ನೂ ಚರ್ಚೆಯಲ್ಲಿದೆ. 1960ರ ದಶಕದಲ್ಲಿ ಐಡಾ ಮಕಾಲ್ಪೈನ್ ಮತ್ತು ರಿಚರ್ಡ್ ಹಂಟರ್ ಮುಂದಿಟ್ಟ ಪೋರ್ಫೈರಿಯಾ ಎಂಬ ವಿವರಣೆಯನ್ನು ಬೆನೆಟ್ ಬಳಸಿಕೊಂಡರು; ಆಮೇಲಿನ ಸಂಶೋಧಕರು ಅದನ್ನು ಪ್ರಶ್ನಿಸಿದ್ದಾರೆ. ನಟನಿಗೆ ಮುಖ್ಯವಾದುದು ಮಾತಿನ ಚಹರೆ. ಹಾಥಾರ್ನ್ ಆಡಿದ ದೊರೆ ಆರಂಭದಲ್ಲಿ ಗಡಸುದನಿಯ, ತುಂಡು ಮಾತಿನ, ಪ್ರತಿ ಪ್ರಶ್ನೆಗೂ ‘ಏನು, ಏನು’ ಎಂದು ತಾನೇ ಬಾಲ ಸೇರಿಸುವ ಗಟ್ಟಿ ಮನುಷ್ಯ. ದೊರೆಯ ಆ ಚಾಳಿ ಚರಿತ್ರೆಯಲ್ಲೂ ದಾಖಲಾಗಿದೆ. ಕಾಯಿಲೆ ಹತ್ತಿದಂತೆ ‘ಏನು, ಏನು’ ಬಿಟ್ಟುಹೋಗುತ್ತದೆ, ಮಾತು ಒಡ್ಡು ಒಡೆದು ಹರಿಯುತ್ತದೆ. ಹಂಫ್ರಿಯ ವಾಕ್ಯದಲ್ಲಿ ಇದ್ದ ಅದೇ ವೇಗ, ಅದೇ ನಿಲ್ಲದ ಉಸಿರು ಇಲ್ಲೂ ಇದೆ, ಆದರೆ ಚುಕ್ಕಾಣಿ ಹಿಡಿದವರಿಲ್ಲ. ತನ್ನ ಬಾಯಿಂದ ಬರುವುದನ್ನು ತಾನೇ ಕೇಳಿಸಿಕೊಳ್ಳುತ್ತಿರುವ, ನಿಲ್ಲಿಸಲಾಗದ ಮನುಷ್ಯನ ದಿಗಿಲು ಆ ಕಣ್ಣುಗಳಲ್ಲಿ ಇದೆ.

ಚಿತ್ರದ ತಿರುವು ಇರುವುದು ಕ್ಯೂ ಅರಮನೆಯ ತೋಟದಲ್ಲಿ. ಚೇತರಿಸಿಕೊಳ್ಳುತ್ತಿರುವ ದೊರೆ ಹೊತ್ತು ಕಳೆಯಲು ‘ಕಿಂಗ್ ಲಿಯರ್’ ಓದಿಸುತ್ತಾನೆ. ಹುಚ್ಚಿನಿಂದ ಎಚ್ಚೆತ್ತ ಲಿಯರ್ ಮಗಳು ಕಾರ್ಡೀಲಿಯಾಳನ್ನು ಗುರುತಿಸುವ ಭಾಗ. ಲಿಯರ್ ದೊರೆಯೇ, ಕಾರ್ಡೀಲಿಯಾಳ ಮಾತು ಓದುವ ಪಾಡು ಸರ್ಕಾರದ ಹಿರಿಯ ಕಾನೂನು ಅಧಿಕಾರಿ, ಲಾರ್ಡ್ ಚಾನ್ಸೆಲರ್ ಥರ್ಲೊ ಪಾಲಿಗೆ ಬರುತ್ತದೆ. ಹಾಥಾರ್ನ್ ಇಲ್ಲಿ ಮೂರು ಪದರಗಳನ್ನು ಒಟ್ಟಿಗೆ ಹಿಡಿಯುತ್ತಾರೆ: ಚೆನ್ನಾಗಿ ಓದಬೇಕೆಂಬ ಹವ್ಯಾಸಿಯ ಉಮೇದು, ಓದುತ್ತಿರುವುದು ತನ್ನದೇ ಕಥೆಯೆಂಬ ಅರಿವು, ಅದರಿಂದ ಕುಸಿಯದೆ ಉಳಿದೆನೆಂಬ ನಿರಾಳ. ಓದು ಮುಗಿದಾಗ ದೊರೆ ಮೊದಲಿನಂತೆ ಕಾಣುತ್ತಿದ್ದಾರೆ ಎಂದು ಥರ್ಲೊ ಖುಷಿಪಡುತ್ತಾನೆ. ದೊರೆಯ ಉತ್ತರದ ತಿರುಳು ಇದು: ತಾನು ಒಳಗೆ ಯಾವಾಗಲೂ ತಾನೇ ಆಗಿದ್ದೆ, ತಾನಾಗಿ ಕಾಣುವುದು ಹೇಗೆಂಬುದು ಈಗ ನೆನಪಾಯಿತು, ಅಷ್ಟೇ. ‘ಏನು, ಏನು’ ಮರಳಿ ಬರುತ್ತದೆ. ಅಧಿಕಾರ ಎಂದರೆ ಒಂದು ಬಗೆಯ ಮಾತನ್ನು ಆಡಬಲ್ಲ ಶಕ್ತಿ, ಅದನ್ನು ಕಳೆದುಕೊಂಡವನನ್ನು ಲೋಕ ಕುರ್ಚಿಗೆ ಕಟ್ಟುತ್ತದೆ ಎಂಬುದನ್ನು ಈ ಒಂದು ದೃಶ್ಯ ಪೂರ್ತಿಯಾಗಿ ಹೇಳುತ್ತದೆ. ಚರಿತ್ರೆಯ ಜಾರ್ಜ್‌ನ ಕೊನೆಗಾಲದಲ್ಲಿ ಮತ್ತೆ ಬುದ್ಧಿ ಕೆಟ್ಟಾಗ, 1820ರಲ್ಲಿ ಅವನು ಸಾಯುವವರೆಗೂ ಲಂಡನ್ನಿನ ರಂಗಗಳಲ್ಲಿ ‘ಕಿಂಗ್ ಲಿಯರ್’ ಆಡಲಿಲ್ಲ; ಸಾಮ್ಯ ಎಲ್ಲರ ಕಣ್ಣಿಗೂ ಹೊಡೆಯುವಂತಿತ್ತು. ರಂಗದ ಪಾತ್ರಕ್ಕೆ ಹಾಥಾರ್ನ್ ಒಲಿವಿಯರ್ ಪ್ರಶಸ್ತಿ ಪಡೆದರು, ಚಿತ್ರಕ್ಕೆ ಬಾಫ್ಟಾ ಪಡೆದರು, ಆಸ್ಕರ್‌ಗೆ ನಾಮನಿರ್ದೇಶನಗೊಂಡರು. 

ಆ ಆಸ್ಕರ್ ನಾಮನಿರ್ದೇಶನದ ಬೆನ್ನಿಗೇ ಬ್ರಿಟನ್ನಿನ ಅಗ್ಗದ ಪತ್ರಿಕೆಗಳು ಅವರ ಖಾಸಗಿ ಬದುಕನ್ನು ಬೀದಿಗೆ ಎಳೆದವು. ಹಾಥಾರ್ನ್ ಸಲಿಂಗಕಾಮಿ, ರಂಗಭೂಮಿಯವರೇ ಆದ ಸಂಗಾತಿಯೊಡನೆ ವರ್ಷಗಳಿಂದ ಹಳ್ಳಿಗಾಡಿನಲ್ಲಿ ಸದ್ದಿಲ್ಲದೆ ಬಾಳುತ್ತಿದ್ದರು. ಗೆಳೆಯರಿಗೆ ಗೊತ್ತಿದ್ದ ಸಂಗತಿ ರಾತ್ರೋರಾತ್ರಿ ಮುಖಪುಟದ ಸರಕಾಯಿತು. ಅವರಿಗೆ ಅದು ಬಹಳ ನೋವು ತಂದಿತು. ಇಂಗ್ಲೆಂಡಿನಲ್ಲಿ 1967ರವರೆಗೆ ಸಲಿಂಗಕಾಮ ಜೈಲುಶಿಕ್ಷೆಯ ಅಪರಾಧವಾಗಿತ್ತು, ಆಗ ಹಾಥಾರ್ನ್ ವಯಸ್ಸು 38. ಆ ತಲೆಮಾರಿನವರು ನಾಲಗೆಯ ಮೇಲೆ ಕಾವಲಿಟ್ಟುಕೊಂಡೇ ಬೆಳೆದವರು, ಯಾವ ಮಾತು ಯಾರ ಮುಂದೆ ಎಂಬ ಎಚ್ಚರ ಅವರಿಗೆ ರಕ್ತಗತ. ಅವರ ನಟನೆಯ ಗುಟ್ಟು ಇದರಲ್ಲೇ ಇದೆ ಎಂದು ಹೇಳಿಬಿಡುವುದು ಅನ್ಯಾಯ. ಕಲೆಗೆ ಅಷ್ಟು ಸರಳ ಕಾರಣ ಇರುವುದಿಲ್ಲ. ಆದರೂ ಪ್ರತಿ ಪದವನ್ನು ತೂಗಿ ಆಡುವ ಬಾಳಿನ ಬೆಲೆ ಏನು, ಆ ಹಿಡಿತ ಜಾರಿದರೆ ಎಂಥ ಬಯಲಲ್ಲಿ ನಿಲ್ಲಬೇಕಾಗುತ್ತದೆ ಎಂಬುದು ಈ ನಟನಿಗೆ ಪುಸ್ತಕದಿಂದ ತಿಳಿಯಬೇಕಾಗಿರಲಿಲ್ಲ.

ಉಳಿದದ್ದು ಕೊನೆಯ, ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ. 1999ರಲ್ಲಿ, 70ರ ವಯಸ್ಸಿನಲ್ಲಿ, ಜಪಾನಿನ ನಿರ್ದೇಶಕ ಯುಕಿಯೊ ನಿನಾಗಾವಾ ಕೈಯಲ್ಲಿ ಹಾಥಾರ್ನ್ ರಾಯಲ್ ಶೇಕ್ಸ್‌ಪಿಯರ್ ಕಂಪನಿಗಾಗಿ ಲಿಯರ್ ಆದರು. ವಿದೂಷಕನ ಪಾತ್ರದಲ್ಲಿ ಹಿರೊಯುಕಿ ಸನಾಡಾ ಇದ್ದರು. ಬಿರುಗಾಳಿಯ ದೃಶ್ಯದಲ್ಲಿ ಮೇಲಿನಿಂದ ಕಲ್ಲುಗಳು ಬೀಳುತ್ತಿದ್ದವು. ಜಪಾನಿನಲ್ಲಿ ಶುರುವಾಗಿ ಲಂಡನ್ನಿಗೆ ಬಂದ ನಾಟಕವನ್ನು ಬ್ರಿಟನ್ನಿನ ವಿಮರ್ಶಕರಲ್ಲಿ ಹಲವರು ಒಪ್ಪಲಿಲ್ಲ. ಈ ಲಿಯರ್‌ನಲ್ಲಿ ಗುಡುಗು ಸಾಲದು, ಮನೆಯ ಅಜ್ಜನಂತೆ ಮೃದುವಾದ ಎಂಬುದು ದೂರು. ಹಾಗಾದರೆ ಹಾಥಾರ್ನ್ ಹಾಸ್ಯದಲ್ಲಿ ಗೆದ್ದು ದುರಂತದಲ್ಲಿ ಸೋತ ನಟ, ಕೊನೆಗೂ ಹಂಫ್ರಿಯೇ ಸರಿ ಎನ್ನೋಣವೇ? ಈ ಸೋಲನ್ನು ಸೋಲೆಂದೇ ಒಪ್ಪಿಕೊಂಡು ಅದರ ಕಾರಣ ಹುಡುಕುವುದು ಮೇಲು. ಲಿಯರ್ ಮೊದಲ ಅಂಕದಲ್ಲೇ ಸಿಡಿಯುವ ದೊರೆ. ಮಾತಿನ ಮೇಲೆ ಹಿಡಿತವಿಟ್ಟು ಗೊತ್ತೇ ಇಲ್ಲದವನು. ಹಾಥಾರ್ನ್ ಪ್ರತಿಭೆ ಇದ್ದುದು ಹಿಡಿತವಿದ್ದವನು ಎಳೆಎಳೆಯಾಗಿ ಅದನ್ನು ಕಳೆದುಕೊಳ್ಳುವುದನ್ನು ತೋರಿಸುವುದರಲ್ಲಿ. ಲಿಯರ್‌ನಲ್ಲಿ ಅವರಿಗೆ ಹೇಳಲು ಇದ್ದುದನ್ನು ಕ್ಯೂ ತೋಟದ ದೃಶ್ಯದಲ್ಲಿ ಆಗಲೇ ಹೇಳಿ ಮುಗಿಸಿದ್ದರು. ಒಬ್ಬ ನಟನ ಸೀಮೆ ಎಲ್ಲಿದೆ ಎಂದು ತಿಳಿದರೆ ಅದರೊಳಗೆ ಅವನು ಎಷ್ಟು ಆಳ ಅಗೆದಿದ್ದ ಎಂಬುದೂ ತಿಳಿಯುತ್ತದೆ. ಆ ಸೀಮೆ ಹಾಸ್ಯದ್ದಲ್ಲ ಎನ್ನಲು ಸಾಕ್ಷಿಗಳಿವೆ. 1996ರ ‘ಟ್ವೆಲ್ಫ್ತ್ ನೈಟ್’ ಚಿತ್ರದ ಮಾಲ್ವೋಲಿಯೊ ನೋಡಿ: ಒಡತಿ ತನ್ನನ್ನು ಪ್ರೀತಿಸುತ್ತಾಳೆಂದು ನಂಬಿ ಮೋಸಹೋಗುವ ಮನೆವಾರ್ತೆಯ ಮೇಲ್ವಿಚಾರಕ, ಕೊನೆಗೆ ಅವಮಾನ ಹೊತ್ತು ಎಲ್ಲರ ಎದುರು ಸಾಗಿಹೋಗುವಾಗ ನಗು ನಮ್ಮ ಗಂಟಲಲ್ಲೇ ಸಿಕ್ಕಿಕೊಳ್ಳುತ್ತದೆ. ಅದೇ ವರ್ಷದ ‘ದಿ ಫ್ರ್ಯಾಜೈಲ್ ಹಾರ್ಟ್’ ಟಿವಿ ಸರಣಿಯ ಹೃದಯ ಶಸ್ತ್ರವೈದ್ಯನ ಪಾತ್ರಕ್ಕೆ, ಯಾವ ಹಾಸ್ಯವೂ ಇಲ್ಲದೆ, ಅವರಿಗೆ ಮತ್ತೊಂದು ಬಾಫ್ಟಾ ಬಂತು.

1999ರಲ್ಲಿ ಅವರಿಗೆ ಸರ್ ಪದವಿ ಸಿಕ್ಕಿತು. 2001ರ ಡಿಸೆಂಬರ್ 26ರಂದು, ಕ್ಯಾನ್ಸರಿನೊಂದಿಗೆ ಹೋರಾಡಿ ಬಳಲಿದ್ದ ಅವರು ಹರ್ಟ್‌ಫರ್ಡ್‌ಶೈರಿನ ತಮ್ಮ ಮನೆಯಲ್ಲಿ ಹೃದಯಾಘಾತದಿಂದ ತೀರಿಕೊಂಡರು. ವಯಸ್ಸು 72. ‘ಸ್ಟ್ರೇಟ್ ಫೇಸ್’ ಎಂಬ ಆತ್ಮಕಥೆ ಅವರು ಹೋದ ಮೇಲೆ ಪ್ರಕಟವಾಯಿತು. ಹಾಥಾರ್ನ್ ಅವರನ್ನು ಹಂಫ್ರಿಯ ಹೆಸರಲ್ಲಿ ನೆನೆಯುವುದರಲ್ಲಿ ತಪ್ಪೇನಿಲ್ಲ, ಅಲ್ಲಿಗೇ ನಿಲ್ಲುವುದು ತಪ್ಪು. ಸಣ್ಣ ಪಾತ್ರಗಳಲ್ಲಿ ನಟನೊಬ್ಬ 30 ವರ್ಷ ಪಳಗಲು ಎಡೆ ಕೊಟ್ಟ ರಂಗತಂಡಗಳು, ಮಾತನ್ನೇ ನೆಚ್ಚಿದ ಧಾರಾವಾಹಿಗೆ ಸಮಯ ಕೊಟ್ಟ ಸಾರ್ವಜನಿಕ ವಾಹಿನಿ, ನಟನ ಪರವಾಗಿ ಹಟ ಹಿಡಿದ ನಾಟಕಕಾರ ಮತ್ತು ನಿರ್ದೇಶಕ, ಇಷ್ಟೂ ಸೇರಿ ಮೂರನೇ ಜಾರ್ಜ್ ಎಂಬ ಆ ಪಾತ್ರ ಕೂಡಿಬಂತು. ಇವುಗಳಲ್ಲಿ ಒಂದು ತಪ್ಪಿದ್ದರೂ ನಮಗೆ ಒಬ್ಬ ಒಳ್ಳೆಯ ಹಾಸ್ಯನಟ ಮಾತ್ರ ಸಿಗುತ್ತಿದ್ದ. ಓದುಗರಲ್ಲಿ ಒಂದು ಕೋರಿಕೆ: ‘ದಿ ಕೀ’ ಕಂತನ್ನೂ ‘ದಿ ಮ್ಯಾಡ್‌ನೆಸ್ ಆಫ್ ಕಿಂಗ್ ಜಾರ್ಜ್’ ಚಿತ್ರವನ್ನೂ ಬೆನ್ನುಬೆನ್ನಿಗೆ ನೋಡಿ, ಆಮೇಲೆ ಈ ನಟನನ್ನು ಯಾವ ಪಾತ್ರದ ಹೆಸರಿನಿಂದ ನೆನೆಯಬೇಕೆಂದು ನೀವೇ ತೀರ್ಮಾನಿಸಿ.